ನೂರ ಇಪ್ಪತ್ತು ಚಮಚ

ಆ ಎರಡು ದಿನ ನಾನು ಎಣಿಸಿದ್ದು ಮಗಳ ಕಕ್ಕದ ಲೆಕ್ಕ ಮಾತ್ರ. ಬೆಳಗ್ಗೆ ನಾಲ್ಕು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಎರಡು, ನಾವು ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಮತ್ತೊಂದು. ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾ ಹೋಗಿದ್ದೆ. ಡಾಕ್ಟರು ಕೇಳಿದರೆ ತಡವರಿಸದೆ ಹೇಳಬೇಕೆಂಬ ಹೆಮ್ಮೆ ಬೇರೆ. ಅವರು ಕೇಳಿದ ಪ್ರಶ್ನೆಗೆ ಆ ಗೀಟುಗಳಲ್ಲಿ ಉತ್ತರವೇ ಇರಲಿಲ್ಲ. ಅದು ಆಮೇಲಿನ ಮಾತು.

ಮಗಳಿಗೆ ಆಗ ಹನ್ನೊಂದು ತಿಂಗಳು, ತೂಕ 8 ಕಿಲೊ. ಎದೆಹಾಲಿನ ಜೊತೆ ಮೇಲೂಟ ಶುರುವಾಗಿ ನಾಲ್ಕೈದು ತಿಂಗಳಾಗಿತ್ತು. ನೆಲದ ಮೇಲೆ ಅಂಬೆಗಾಲಿಟ್ಟು ಓಡಾಡುತ್ತಾ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೊದಲ ಸಲ ತೆಳ್ಳಗೆ ಹೋದಾಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮೂರನೆಯ ಸಲಕ್ಕೆ ಬಟ್ಟೆಯ ಮೇಲೆ ನೀರಿನ ಕಲೆಯಷ್ಟೇ ಉಳಿದಾಗ ನನ್ನ ಎದೆ ಧಸಕ್ಕೆಂದಿತು.

"ಹಲ್ಲು ಬರೋ ಹೊತ್ತು ಕಣಮ್ಮ, ಎಲ್ಲ ಮಕ್ಕಳಿಗೂ ಆಗುತ್ತೆ. ಹೆದರಬೇಡ," ಅಂದರು ಅತ್ತೆ.

ಹಲ್ಲಿಗೂ ಭೇದಿಗೂ ನಂಟು ಕಟ್ಟಿದ್ದು ಸುಮ್ಮನೆ ಅಲ್ಲ, ಎರಡೂ ಒಂದೇ ವಯಸ್ಸಿಗೆ ಬರುತ್ತವೆ. ಒಸಡು ನವೆಯಾಗಿ ಕೈ, ಆಟಿಕೆ, ಚಪ್ಪಲಿ ಎಲ್ಲ ಬಾಯಿಗೆ ಹೋಗುವ ಕಾಲ ಅದು. ಹುಟ್ಟುವಾಗ ತಾಯಿಯಿಂದ ಪಡೆದುಕೊಂಡು ಬಂದ ರೋಗನಿರೋಧಕ ಶಕ್ತಿ ಕರಗುವುದೂ ಆಗಲೇ. ಹಲ್ಲಿನ ಹೆಸರಿನಲ್ಲಿ ಸುಮ್ಮನೆ ಕೂತರೆ ಒಂದು ದಿನ ಕೈಬಿಟ್ಟು ಹೋಗುತ್ತದೆ. ನಮಗೂ ಹೋಯಿತು.

ಸಂಜೆಯ ಹೊತ್ತಿಗೆ ಸುದ್ದಿ ಹರಡಿ ಮನೆಮದ್ದುಗಳು ನಾಲ್ಕೂ ದಿಕ್ಕಿನಿಂದ ಬಂದವು. ದಾಳಿಂಬೆ ಸಿಪ್ಪೆ ಒಣಗಿಸಿ ಪುಡಿಮಾಡಿ ಜೇನಿನಲ್ಲಿ ನೆಕ್ಕಿಸು ಅಂದರು ಒಬ್ಬರು. ಹಾಲು ಹಾಕದ ಚಹಾ ಡಿಕಾಕ್ಷನ್ ಎರಡು ಚಮಚ ಕುಡಿಸು ಅಂದರು ಇನ್ನೊಬ್ಬರು. ಮಾವಿನ ಗೊರಟಿನ ಒಳಗಿನ ತಿರುಳು, ಹುರಿದ ಜೀರಿಗೆಯ ನೀರು, ಸಬ್ಬಕ್ಕಿ ಗಂಜಿ, ಹೊಕ್ಕುಳಕ್ಕೆ ಇಂಗು. ನಾದಿನಿ ಫೋನಿನಲ್ಲಿ, "ಅತ್ತಿಗೆ, ಮೊದಲು ಹಾಲು ನಿಲ್ಲಿಸಿ. ಒಳಗೆ ಹೋದರೆ ತಾನೇ ಹೊರಗೆ ಬರೋದು?" ಅಂದಳು. ಕೇಳುವುದಕ್ಕೆ ಎಷ್ಟು ಸರಿಯಾದ ಮಾತು! ಅರ್ಧ ದಿನ ನಾನೂ ಅದನ್ನು ನಂಬಿದೆ. ಎದೆ ಕಟ್ಟಿಕೊಂಡು ನೋಯುತ್ತಿತ್ತು, ಮಗು ಸೆರಗು ಎಳೆಯುತ್ತಿತ್ತು, ನಾನು ಮುಖ ತಿರುಗಿಸಿಕೊಂಡು ಕೂತಿದ್ದೆ. ಇವತ್ತಿಗೂ ನನಗೆ ಆ ಅರ್ಧ ದಿನದ ನೆನಪೇ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು. ಭೇದಿಯಾದಾಗ ಮಗುವಿಗೆ ಎದೆಹಾಲು ಇನ್ನೂ ಹೆಚ್ಚು ಸಲ ಕೊಡಬೇಕು. ನೀರು, ಆಹಾರ, ರೋಗಾಣುವಿನೊಡನೆ ಹೋರಾಡುವ ಅಂಶ ಎಲ್ಲ ಅದರಲ್ಲೇ ಇರುತ್ತದೆ. ನಾನು ಕಿತ್ತುಕೊಂಡದ್ದು ಅದನ್ನೇ.

ನನ್ನ ಅಮ್ಮ ಮಾತ್ರ ಫೋನಿನಲ್ಲಿ ಒಂದೇ ಮಾತು ಹೇಳಿದರು. "ಅಕ್ಕಿ ಚೆನ್ನಾಗಿ ಬೇಯಿಸಿ ಗಂಜಿ ತಿಳಿ ಬಸಿದುಕೋ. ಒಂದು ಚೂರು ಉಪ್ಪು ಹಾಕು. ಕೊಡ್ತಾನೇ ಇರು." ನನಗೆ ಅದು ಮದ್ದು ಅನ್ನಿಸಲೇ ಇಲ್ಲ. ಗಂಜಿ ಹಸಿವಿಗೆ ಕೊಡುವುದು, ರೋಗಕ್ಕಲ್ಲ ಎಂದುಕೊಂಡೆ. ಮದ್ದು ಅಂದರೆ ಕಹಿ ಇರಬೇಕು, ಒಗರಿರಬೇಕು, ತೇಯಬೇಕು, ಅರೆಯಬೇಕು.

ಅತ್ತೆಯ ಮದ್ದಿಗೆ ಆ ಗಾಂಭೀರ್ಯವಿತ್ತು. ಅಡುಗೆಮನೆಯ ಮೇಲಿನ ಗೂಡಿನಿಂದ ಹಳೆಯ ತಗಡಿನ ಡಬ್ಬಿ ಇಳಿಸಿದರು. ಒಳಗೆ ಬಟ್ಟೆಯಲ್ಲಿ ಸುತ್ತಿದ ಬಜೆ ಬೇರು, ಅಳಲೆಕಾಯಿ, ಒಂದು ಕಡೆ ತೇಯ್ದು ತೇಯ್ದು ಚಪ್ಪಟೆಯಾದ ಜಾಯಿಕಾಯಿ. ಅದು ನನ್ನ ಗಂಡನಿಗೂ ತೇಯ್ದು ಕೊಟ್ಟಿದ್ದ ಕಾಯಿಯಂತೆ. ಸಾಣೆಕಲ್ಲು ತೊಳೆದು, ಎರಡು ಹನಿ ಹಾಲು ಬಿಟ್ಟು, ಜಾಯಿಕಾಯನ್ನು ಮೂರೇ ಸುತ್ತು ತಿರುಗಿಸಿದರು. ಕಲ್ಲಿನ ಮೇಲೆ ಉಳಿದ ಕಂದು ಗಂಧವನ್ನು ಬೆರಳ ತುದಿಯಲ್ಲಿ ಎತ್ತಿ ಮಗುವಿನ ನಾಲಿಗೆಗೆ ಸವರಿದರು. ಒಂದು ಸಾಸಿವೆ ಕಾಳಿನಷ್ಟು ಇದ್ದಿರಬಹುದು.

"ಮೂರೇ ಸುತ್ತು. ಹೆಚ್ಚಾಗಬಾರದು," ಅಂದರು. ಅವರು ಹಾಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆಣೆ ಮಾಡಿ ಹೇಳಬಲ್ಲೆ.

ರಾತ್ರಿ ಹನ್ನೊಂದರ ಹೊತ್ತಿಗೆ ಮತ್ತೆ ಎರಡು ಸಲ ಆಯಿತು. ಅತ್ತೆ ನಿದ್ದೆ ಹೋಗಿದ್ದರು. ಇವರು ಔಷಧಿ ಅಂಗಡಿಗೆ ಹೋಗಿ ಒಂದು ಓಆರ್‌ಎಸ್ ಪೊಟ್ಟಣ ತಂದರು, ಒಂದು ಲೀಟರ್ ನೀರಿಗೆ ಕದಡಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ. "ಭೇದಿ ನಿಲ್ಲೋ ಮಾತ್ರೆ ಕೊಡಿ" ಎಂದೂ ಕೇಳಿದರಂತೆ. ಚಿಕ್ಕ ಮಗುವಿಗೆ ಅದನ್ನು ಕೊಡುವಂತಿಲ್ಲ ಎಂದು ಅಂಗಡಿಯವನು ವಾಪಸು ಕಳಿಸಿದ, ಪುಣ್ಯಾತ್ಮ. ಕರುಳಿನ ಚಲನೆಯನ್ನೇ ಹಿಡಿದು ನಿಲ್ಲಿಸುವ ಲೋಪೆರಮೈಡ್‌ನಂಥ ಆ ಮಾತ್ರೆಗಳು ಅಫೀಮಿನ ಕುಲಕ್ಕೇ ಸೇರಿದವು. ಹಿಂದಿನ ಕಾಲದಲ್ಲಿ ಮಕ್ಕಳ ಮದ್ದಿಗೆ ಅಫೀಮಿನ ಚೂರು ಬೆರೆಸುತ್ತಿದ್ದುದೂ ಇದೇ ಆಸೆಯಿಂದ. ಹೇಗಾದರೂ ನಿಂತರೆ ಸಾಕು ಎಂಬ ಆಸೆಯಲ್ಲಿ ಅಜ್ಜಿಯರಿಗೂ ಇಂಜಿನಿಯರಿಂಗ್ ಓದಿದ ನನ್ನ ಗಂಡನಿಗೂ ಏನೂ ವ್ಯತ್ಯಾಸವಿರಲಿಲ್ಲ.

ಆ ರಾತ್ರಿ ನಾನು ಮಾಡಿದ ತಪ್ಪು ಎರಡು. ಪೊಟ್ಟಣದ ಅರ್ಧದಷ್ಟು ಪುಡಿಯನ್ನು ಒಂದು ಲೋಟ ನೀರಿಗೆ ಸುರಿದು ಕಲಕಿದೆ. ಇಷ್ಟು ಪುಟ್ಟ ಮಗು ಒಂದು ಲೀಟರ್ ಕುಡಿಯುವುದುಂಟೇ, ಸುಮ್ಮನೆ ದಂಡ ಅನ್ನುವ ಉಳಿತಾಯದ ಬುದ್ಧಿ ನನ್ನದು. ಮಗು ಎರಡು ಚಮಚ ಕುಡಿದು ಮುಖ ಕಿವಿಚಿ ಉಗುಳಿತು. "ಓಆರ್‌ಎಸ್ ಇವಳಿಗೆ ಆಗಿಬರಲ್ಲ" ಎಂದು ತೀರ್ಮಾನಿಸಿ ಲೋಟ ಪಕ್ಕಕ್ಕಿಟ್ಟೆ. ನಾನೂ ಒಂದು ಗುಟುಕು ಕುಡಿದು ನೋಡಿದ್ದರೆ ಸಾಕಿತ್ತು, ಸಮುದ್ರದ ನೀರಿನಂತಿದ್ದಿರಬೇಕು.

ಇನ್ನೊಂದು ತಪ್ಪು ಸಾಣೆಕಲ್ಲಿನದು. ಅತ್ತೆ ಮೂರು ಸುತ್ತು ತೇಯ್ದರೆ ಇಷ್ಟು, ಇನ್ನೂ ತೇಯ್ದರೆ ಇನ್ನೂ ಬೇಗ ಎಂದು ಒಬ್ಬಳೇ ಅಡುಗೆಮನೆಯಲ್ಲಿ ಕೂತು ಜಾಯಿಕಾಯಿ ತಿರುಗಿಸಿದೆ. ಎಷ್ಟು ಸುತ್ತು? ಎಣಿಸಲಿಲ್ಲ. ಕಕ್ಕ ಎಣಿಸುವ ನಾನು ಅದನ್ನು ಎಣಿಸಲಿಲ್ಲ. ಗಂಧ ಗಟ್ಟಿಯಾಗಿ ಬಂತು, ಅಷ್ಟನ್ನೂ ಹಾಲಿನಲ್ಲಿ ಕದಡಿ ಕುಡಿಸಿಬಿಟ್ಟೆ.

ಮಗು ಮಲಗಿತು. ಬೆಳಗಿನ ಜಾವದವರೆಗೆ ಒಂದು ಗೀಟೂ ಬೀಳಲಿಲ್ಲ. ಗೆದ್ದೆ ಅಂದುಕೊಂಡು ನಾನೂ ಕಣ್ಣುಮುಚ್ಚಿದೆ.

ಬೆಳಗ್ಗೆ ಮೊದಲು ಗಮನಿಸಿದ್ದು ಅತ್ತೆ. ತಲೆ ಸವರುತ್ತಾ ಕೈ ನಿಲ್ಲಿಸಿದರು. "ನೆತ್ತಿ ಒಳಗೆ ಹೋಗಿದೆ ನೋಡು," ಅಂದರು. ನಾನು ಬೆರಳಿಟ್ಟು ನೋಡಿದೆ. ಸದಾ ಮೆತ್ತಗೆ ಸಮನಾಗಿ ಮಿಡಿಯುತ್ತಿದ್ದ ನೆತ್ತಿಯ ಜಾಗ ಸಣ್ಣ ಬಟ್ಟಲಿನಂತೆ ತಗ್ಗಾಗಿತ್ತು. ಅತ್ತೆ ಹರಳೆಣ್ಣೆ ತಂದು ನೆತ್ತಿಗೆ ತಟ್ಟತೊಡಗಿದರು. ಅವರ ಕಣ್ಣು ಕಂಡದ್ದು ಸರಿಯಾಗಿಯೇ ಇತ್ತು. ಮಕ್ಕಳ ಮೈಯಲ್ಲಿ ನೀರು ಬತ್ತಿದಾಗ ನೆತ್ತಿ ಕುಸಿಯುವುದನ್ನು ಅವರು ಯಾವ ಪುಸ್ತಕವೂ ಇಲ್ಲದೆ ಬಲ್ಲವರು. ಆದರೆ ಒಳಗೆ ಬತ್ತಿದ್ದನ್ನು ಹೊರಗಿನಿಂದ ಎಣ್ಣೆ ಸುರಿದು ತುಂಬಲು ನೋಡುತ್ತಿದ್ದರು. ಹಿಂದಿನ ರಾತ್ರಿ ಹಾಕಿದ ಡೈಪರ್ ಬಿಚ್ಚಿದೆ. ಒಣಗಿತ್ತು. ಮಗು ಅತ್ತಿತು, ದನಿ ಕ್ಷೀಣ, ಕಣ್ಣಲ್ಲಿ ನೀರಿಲ್ಲ. ಎತ್ತಿಕೊಂಡರೆ ತೂಗಾಡುತ್ತಿತ್ತು. ಆಮೇಲೆ ನಾನು ಯಾರ ಮಾತಿಗೂ ಕಾಯಲಿಲ್ಲ.

ಡಾಕ್ಟರ್ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಉಚ್ಚೆ ಯಾವಾಗ ಮಾಡಿದಳು?" ನಾನು ಕ್ಯಾಲೆಂಡರಿನ ಹಾಳೆಯ ಫೋಟೊ ತೆಗೆದುಕೊಂಡು ಹೋಗಿದ್ದೆ. ಫೋನ್ ಹಿಡಿದುಕೊಂಡು ಬೆಪ್ಪಾಗಿ ನಿಂತೆ.

ಅವರು ಹೊಕ್ಕುಳದ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಥಟ್ಟನೆ ಸಮವಾಗಬೇಕಾದದ್ದು ಒಂದು ಕ್ಷಣ ಮಡಿಕೆಯಾಗಿ ನಿಂತು ಮೆಲ್ಲಗೆ ಇಳಿಯಿತು. ಕಣ್ಣು ನೋಡಿದರು, ನಾಲಿಗೆ ನೋಡಿದರು. "ಮಂಪರು ಯಾಕೆ ಇಷ್ಟಿದೆ? ಏನಾದರೂ ಕೊಟ್ಟಿದ್ದೀರಾ?" ಅಂದರು. ನಾನು ಜಾಯಿಕಾಯಿ ಕಥೆ ಹೇಳಿದೆ. ಸುಳ್ಳು ಹೇಳುವ ಆಸೆಯೇನೋ ಆಗಿತ್ತು.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ವಿವರಿಸಿದರು, ಅದು ಇನ್ನೂ ಕಷ್ಟ. ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ಅಂಶವಿದೆ, ಹೆಚ್ಚಾದರೆ ಮಂಪರು ಹಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಭೇದಿಯಾದ ಮಗು ಮಂಕಾಗುವುದೇ ಅಪಾಯದ ಮುಖ್ಯ ಗುರುತು. ಈಗ ಈ ಮಂಕು ನೀರು ಬತ್ತಿದ್ದರಿಂದಲೋ, ನೀವು ಕೊಟ್ಟ ಮದ್ದಿನಿಂದಲೋ ನಾನು ಹೇಗೆ ಹೇಳಲಿ? ರಾತ್ರಿಯಿಡೀ ಮಲಗಿದ್ದಳು ಅಂತ ನೀವು ಸಮಾಧಾನಪಟ್ಟುಕೊಂಡಿರಿ, ಆ ಆರೇಳು ಗಂಟೆ ಅವಳಿಗೆ ಒಂದು ಹನಿ ನೀರೂ ಹೋಗಲಿಲ್ಲ ಅಂದರು. ಆಮೇಲೆ ಒಂದು ಚಮಚ ನೀರು ತರಿಸಿ ಮಗುವಿನ ಬಾಯಿಗೆ ಇಟ್ಟರು. ಅವಳು ಚಮಚವನ್ನೇ ಕಚ್ಚಿ ಹಿಡಿದು ಚೀಪಿದಳು. ಡಾಕ್ಟರ ಮುಖ ಸಡಿಲವಾಯಿತು. "ಕುಡೀತಾಳೆ. ಸದ್ಯಕ್ಕೆ ಡ್ರಿಪ್ ಬೇಡ. ಇಲ್ಲೇ ಕೂತು ಕುಡಿಸಿ, ನಾನು ನೋಡ್ತಿರ್ತೀನಿ."

ಲೆಕ್ಕ ಹೀಗಿತ್ತು. ನಿರ್ಜಲತೆ ಇರುವ ಮಗುವಿಗೆ ತೂಕದ ಪ್ರತಿ ಕಿಲೊಗೆ 75 ಮಿಲಿಲೀಟರ್ ಓಆರ್‌ಎಸ್ ನಾಲ್ಕು ಗಂಟೆಯಲ್ಲಿ ಹೋಗಬೇಕು. 8 ಕಿಲೊಗೆ 600 ಮಿಲಿಲೀಟರ್. ಚಹಾ ಚಮಚದಲ್ಲಿ 5 ಮಿಲಿಲೀಟರ್ ಹಿಡಿಯುತ್ತದೆ. ಅಂದರೆ ಎರಡು ನಿಮಿಷಕ್ಕೊಂದರಂತೆ ನೂರ ಇಪ್ಪತ್ತು ಚಮಚ.

ನರ್ಸ್ ನನ್ನ ಕೈಯಲ್ಲೇ ಪೊಟ್ಟಣ ಒಡೆಸಿದರು. ಕುದಿಸಿ ಆರಿಸಿದ ನೀರು ಒಂದು ಲೀಟರ್ ಅಳೆದು, ದೊಡ್ಡ ಪೊಟ್ಟಣದ ಪುಡಿ ಪೂರ್ತಿ, ಒಂದು ಕಾಳೂ ಉಳಿಯದಂತೆ. 200 ಮಿಲಿಲೀಟರಿಗೆ ಕದಡುವ ಸಣ್ಣ ಪೊಟ್ಟಣವೂ ಸಿಗುತ್ತದೆ, ಅದರ ಮೇಲೆ ಬರೆದದ್ದನ್ನು ಓದಿ ಅಷ್ಟೇ ನೀರು ಹಾಕಬೇಕು. ಹೆಚ್ಚು ನೀರಾದರೆ ಕೆಲಸ ಮಾಡಲ್ಲ, ಕಡಿಮೆ ನೀರಾದರೆ ರಕ್ತದಲ್ಲಿ ಉಪ್ಪೇರಿ ಮಗುವಿಗೆ ಅಪಾಯ. ಕದಡಿಟ್ಟದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಬೇಕು. "ನೀವು ಮೊದಲು ರುಚಿ ನೋಡಿ," ಅಂದರು. ಕಣ್ಣೀರಿನಷ್ಟು ಉಪ್ಪು, ಅದರ ಹಿಂದೆ ಒಂದು ಎಳೆ ಸಿಹಿ. ಹಿಂದಿನ ರಾತ್ರಿ ನಾನು ಕದಡಿದ್ದು ಏನು ಎನ್ನುವುದು ಆಗ ನಾಲಿಗೆಗೇ ತಿಳಿಯಿತು.

ಮೊದಲ ಹತ್ತು ಚಮಚ ನಾನು ಕೊಟ್ಟೆ. ಅವಸರ. ಹನ್ನೊಂದನೆಯದು ಒಳಗೆ ಹೋಗುವ ಮೊದಲೇ ಅಷ್ಟೂ ವಾಂತಿಯಾಗಿ ನನ್ನ ಸೀರೆಯ ಮೇಲೆ ಬಂತು. ನನಗೆ ಅಳು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಬೇಕು, ಇನ್ನೂ ನಿಧಾನಕ್ಕೆ ಅಂದರು ನರ್ಸ್. ಅಷ್ಟರಲ್ಲಿ ಅತ್ತೆ ತಮ್ಮ ಚೀಲದಿಂದ ಬೆಳ್ಳಿಯ ಒಳಲೆ ತೆಗೆದರು. ಮನೆಯಿಂದ ಹೊರಡುವ ಗಡಿಬಿಡಿಯಲ್ಲೂ ಅದನ್ನು ಹಾಕಿಕೊಂಡು ಬಂದಿದ್ದಾರೆ! ಬಿಸಿನೀರಿನಲ್ಲಿ ತೊಳೆಸಿ, ಚಮಚದಿಂದ ಅಳೆದು ಅದರಲ್ಲಿ ಹಾಕಿಸಿಕೊಂಡು, ಮಗುವನ್ನು ತೊಡೆಯ ಮೇಲೆ ತಲೆ ತುಸು ಎತ್ತರಕ್ಕೆ ಬರುವಂತೆ ಮಲಗಿಸಿ, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿದರು. ಸುರಿಯಲಿಲ್ಲ. ವಾಲಿಸಿದರು ಅಷ್ಟೆ. ಮಗು ತಾನಾಗಿ ಎಳೆದುಕೊಳ್ಳುವವರೆಗೆ ಕಾದರು. ಕೆಳತುಟಿಯಿಂದ ಜಾರಿದ ಹನಿಯನ್ನು ಒಳಲೆಯ ಅಂಚಿನಿಂದಲೇ ಗೀರಿ ಮತ್ತೆ ಬಾಯಿಗೆ.

ನಾನು ಕಾಗದದ ಮೇಲೆ ಗೀಟು ಹಾಕುತ್ತಾ ಕೂತೆ. ಈ ಸಲ ಚಮಚದ ಲೆಕ್ಕ.

ಐವತ್ತರ ಆಚೆ ಎಲ್ಲೋ ಅತ್ತೆ ಮಾತಾಡಿದರು. ನನ್ನ ಕಡೆ ನೋಡಲಿಲ್ಲ. "ನಿನ್ನ ಗಂಡನಿಗಿಂತ ಮೊದಲು ಒಬ್ಬ ಇದ್ದ."

ಮದುವೆಯಾಗಿ ಆರು ವರ್ಷವಾಗಿದ್ದರೂ ನನಗೆ ಯಾರೂ ಈ ಮಾತು ಹೇಳಿರಲಿಲ್ಲ.

"ಒಂಬತ್ತು ತಿಂಗಳು. 79ರಲ್ಲಿ. ಮೂರು ದಿನ ಹಿಂಗೇ ನೀರಾಗಿ ಹೋಯ್ತು. ಹಾಲು ಕೊಡಬಾರದು, ನೀರೂ ಕೊಡಬಾರದು ಅಂದರು ದೊಡ್ಡವರು. ನನಗೋ ಇಪ್ಪತ್ತೆರಡು ವರ್ಷ. ಕೊಡಲಿಲ್ಲ. ಜಾಯಿಕಾಯಿ, ದಾಳಿಂಬೆ ಓಡು, ಎಲ್ಲ ಆಯ್ತು. ನಾಲ್ಕನೇ ದಿನ ಬೆಳಗ್ಗೆ ಭೇದಿ ನಿಂತೇ ಹೋಯ್ತು. ನಮ್ಮತ್ತೆ ದೇವರಿಗೆ ದೀಪ ಹಚ್ಚಿದರು, ಮದ್ದು ಹಿಡೀತು ಅಂತ. ಮಧ್ಯಾಹ್ನಕ್ಕೆ ಅವನು ಇರಲಿಲ್ಲ."

ಒಳಲೆ ಖಾಲಿಯಾಗಿತ್ತು. ನನ್ನ ಕಡೆ ಚಾಚಿದರು. ನಾನು ಚಮಚ ಅಳೆದು ಹಾಕಿದೆ, ಗೀಟು ಎಳೆದೆ.

"ಒಳಗೆ ಏನೂ ಇರಲಿಲ್ಲವಲ್ಲ, ಅದಕ್ಕೇ ನಿಂತಿದ್ದು," ಅಂದರು ಸ್ವಲ್ಪ ಹೊತ್ತಿನ ಮೇಲೆ. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ.

ತೊಂಬತ್ತೆರಡನೆಯ ಚಮಚಕ್ಕೆ ಮಗು ಅತ್ತೆಯ ಸೀರೆಯ ಮೇಲೆ ಉಚ್ಚೆ ಹೊಯ್ದಳು. ಬಿಸಿ ತಾಗಿದ ಕೂಡಲೇ ಅತ್ತೆ ಕೂಗಿದ ಕೂಗಿಗೆ ಪಕ್ಕದ ಕೋಣೆಯಿಂದ ನರ್ಸ್ ಓಡಿ ಬಂದರು. ಆ ಸೀರೆ ಬದಲಾಯಿಸಲು ಅವರು ಸಂಜೆಯವರೆಗೂ ಒಪ್ಪಲಿಲ್ಲ. ವಾಂತಿಯದು ನನ್ನ ಮೇಲೆ, ಉಚ್ಚೆಯದು ಅವರ ಮೇಲೆ, ಇಬ್ಬರೂ ಹಾಗೇ ಮನೆಗೆ ಬಂದೆವು.

ಮನೆಯ ದಿನಗಳನ್ನು ಉದ್ದಕ್ಕೆ ಹೇಳುವಂಥದ್ದೇನಿಲ್ಲ. ಭೇದಿ ಕೂಡಲೇ ನಿಲ್ಲಲಿಲ್ಲ, ಇನ್ನೂ ನಾಲ್ಕು ದಿನ ಹೋಯಿತು. ಅದನ್ನು ಡಾಕ್ಟರು ಮೊದಲೇ ಹೇಳಿದ್ದರಿಂದ ನಾವು ಹೆದರಲಿಲ್ಲ. ಹೆಚ್ಚಿನವು ವೈರಸ್‌ನಿಂದ ಬರುವಂಥವು, ತಾವಾಗಿ ಬಂದು ತಾವಾಗಿ ಹೋಗುತ್ತವೆ, ಆಂಟಿಬಯಾಟಿಕ್ ಬೇಡ ಅಂದಿದ್ದರು. ಪ್ರತಿ ಸಲ ತೆಳ್ಳಗೆ ಹೋದ ಮೇಲೆ 50ರಿಂದ 100 ಮಿಲಿಲೀಟರ್ ಓಆರ್‌ಎಸ್, ಕೇಳಿದಾಗಲೆಲ್ಲ ಎದೆಹಾಲು, ಊಟ ಎಂದಿನಂತೆ. ಮಲದಲ್ಲಿ ರಕ್ತ ಕಂಡರೆ, ಆರು ಗಂಟೆ ಉಚ್ಚೆ ಇಲ್ಲದಿದ್ದರೆ, ಕುಡಿಯಲು ಆಗದಷ್ಟು ಮಂಕಾದರೆ, ಕುಡಿದದ್ದೆಲ್ಲ ವಾಂತಿಯಾದರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಹೊರಟು ಬನ್ನಿ ಎಂದಿದ್ದರು. ಜೊತೆಗೆ ಜಿಂಕ್: ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಾದರೆ 10. ಮಾತ್ರೆಯನ್ನು ಒಂದು ಚಮಚ ಎದೆಹಾಲಿನಲ್ಲಿ ಕರಗಿಸಿ ಹದಿನಾಲ್ಕು ದಿನ. ಐದನೆಯ ದಿನ ಮಗು ನಗುತ್ತಾ ಓಡಾಡುವಾಗ ಇವರು "ಇನ್ನು ಜಿಂಕ್ ಯಾಕೆ?" ಅಂದರು. ಈ ಸಲದ ಭೇದಿ ಬೇಗ ಮುಗಿಯಲು ಮಾತ್ರವಲ್ಲ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರದಂತೆ ಕಾಯಲಿಕ್ಕೂ ಅದು ಬೇಕಂತೆ. ಹದಿನಾಲ್ಕೂ ಮುಗಿಸಿದೆವು.

ಆದರೆ ಅಮ್ಮನ ಗಂಜಿಯ ಬಗ್ಗೆ ಹೇಳದೆ ಹೋದರೆ ಅನ್ಯಾಯವಾದೀತು. ಡಾಕ್ಟರ ಬಳಿ ಅಳುಕುತ್ತಲೇ ಕೇಳಿದ್ದೆ, ಉಪ್ಪು ಹಾಕಿದ ಗಂಜಿ ತಿಳಿ ಕೊಡಬಹುದಾ ಅಂತ. "ನಿನ್ನೆಯೇ ಕೊಡಬೇಕಿತ್ತು," ಅಂದರು. ಭೇದಿಯಾದಾಗ ಕರುಳು ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಬರೀ ನೀರು ಕುಡಿಸಿದರೆ ಬಹುಪಾಲು ಹಾಗೇ ಜಾರಿಹೋಗುತ್ತದೆ. ಆದರೆ ಕರುಳಿನ ಗೋಡೆಯಲ್ಲಿ ಒಂದು ಬಾಗಿಲು ರೋಗದಲ್ಲೂ ಮುಚ್ಚುವುದಿಲ್ಲ. ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯ ಗ್ಲೂಕೋಸ್ ಜೊತೆಯಾಗಿ ಬಂದರೆ ಅದು ತೆರೆದುಕೊಳ್ಳುತ್ತದೆ, ಅವೆರಡರ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಬೆಂದ ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ಮೆಲ್ಲಗೆ ಒಡೆದು ಗ್ಲೂಕೋಸ್ ಆಗುತ್ತದೆ. ಅಮ್ಮ ಹೇಳಿದ ಒಂದು ಚೂರು ಉಪ್ಪು ಅದರ ಜೊತೆಗಾರ. ಅದಕ್ಕೇ ಗಂಜಿ ಕೆಲಸ ಮಾಡುತ್ತದೆ. ಸಕ್ಕರೆ ತುಂಬಿದ ಹಣ್ಣಿನ ರಸ, ತಂಪು ಪಾನೀಯಗಳು ಇದಕ್ಕೆ ತದ್ವಿರುದ್ಧ, ಅತಿ ಸಿಹಿ ಕರುಳಿನೊಳಗೆ ಇನ್ನಷ್ಟು ನೀರನ್ನು ಸೆಳೆದು ಭೇದಿ ಹೆಚ್ಚಿಸುತ್ತದೆ. ಪೊಟ್ಟಣ ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಅಂಚಿಗೆ ಸಮ ಮಾಡಿದ ಆರು ಚಹಾ ಚಮಚ ಸಕ್ಕರೆ, ಹಾಗೇ ಸಮ ಮಾಡಿದ ಅರ್ಧ ಚಹಾ ಚಮಚ ಉಪ್ಪು ಸಾಕು. ಉಪ್ಪಿನ ಅಳತೆಯಲ್ಲಿ ಮಾತ್ರ ಕೈ ಜಾರಬಾರದು.

ಹೀಗೆ ಒಂದೊಂದೇ ಮನೆಮದ್ದನ್ನು ಹಿಡಿದು ಕೇಳತೊಡಗಿದೆ, ಡಾಕ್ಟರಿಗೂ ರೇಜಿಗೆ ಹಿಡಿದಿರಬೇಕು. ದಾಳಿಂಬೆ ಸಿಪ್ಪೆ, ಚಹಾ ಡಿಕಾಕ್ಷನ್, ಮಾವಿನ ಗೊರಟು ಮೂರರಲ್ಲೂ ಇರುವುದು ಬಾಯಿ ಒಗರಾಗಿಸುವ ಟ್ಯಾನಿನ್. ಕರುಳಿನ ಪದರವನ್ನೂ ಅದು ಹಾಗೇ ಬಿಗಿಯುತ್ತದೆ ಎನ್ನುವ ಎಣಿಕೆ. ಕಳೆದುಹೋದ ನೀರು ಅದರಿಂದ ವಾಪಸು ಬರುವುದಿಲ್ಲವಲ್ಲ. ಜೇನಂತೂ ವರ್ಷ ತುಂಬದ ಮಗುವಿಗೆ ಕೊಡಲೇಬಾರದು, ಬೊಟುಲಿಸಂ ಎಂಬ ವಿಷಬಾಧೆಯ ಭಯವಿದೆ. ಬಾಳೆಕಾಯಿ ಮಾತ್ರ ನನಗೆ ಆಶ್ಚರ್ಯ ತಂದಿತು. ಬೇಯಿಸಿ ಕಿವುಚಿದ ಹಸಿರು ಬಾಳೆಕಾಯಿಯನ್ನು ಬಾಂಗ್ಲಾದೇಶದ ವೈದ್ಯರು ವಾರಗಟ್ಟಲೆ ಬಿಡದ ಭೇದಿಯ ಮಕ್ಕಳಿಗೆ ಕೊಟ್ಟು ನೋಡಿ 2001ರಲ್ಲಿ ವರದಿ ಬರೆದಿದ್ದಾರೆ, ಗುಣ ಕಂಡಿದೆ. ಅದರಲ್ಲಿರುವ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಹುದುಗಿ, ನೀರು ಹೀರಲು ಕರುಳಿಗೆ ನೆರವಾಗುವ ಆಮ್ಲಗಳಾಗುತ್ತದೆ. ನಮ್ಮ ಮನೆಯಲ್ಲಿ ಮೂರು ದಿನ ಬಾಳೆಕಾಯಿ ಬೆಂದಿತು. ಮಗು ಉಂಡದ್ದಕ್ಕಿಂತ ತಲೆಗೆ ಬಳಿದುಕೊಂಡದ್ದೇ ಹೆಚ್ಚು.

ಅತ್ತೆ ಹೇಳಿದ 79ನೆಯ ಇಸವಿ ನನ್ನನ್ನು ಬಿಡಲಿಲ್ಲ. ಮಗು ಮಲಗಿದ ಮೇಲೆ ಓದುತ್ತಾ ಕೂತೆ. 1971ರಲ್ಲಿ, ಬಾಂಗ್ಲಾ ವಿಮೋಚನೆಯ ಯುದ್ಧದ ಹೊತ್ತು, ಗಡಿ ದಾಟಿ ಬಂದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತ್ತು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಅವರ ಕೈಯಲ್ಲಿ ಸಲೈನ್ ಮುಗಿಯುತ್ತಾ ಬಂತು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ತಾಯಂದಿರು, ಅಜ್ಜಿಯರು ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 1980ರಿಂದ ಹತ್ತು ವರ್ಷ ಅದೇ ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಂಗಸರು ಒಂದು ಕೋಟಿಗೂ ಹೆಚ್ಚು ಮನೆಗಳ ಬಾಗಿಲು ತಟ್ಟಿ ಇದನ್ನು ಕಲಿಸಿದರು. ಚಮಚವೂ ಬೇಡ, ಅಳತೆಯ ಪಾತ್ರೆಯೂ ಬೇಡ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿ ಎಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದಾಳೆ ಎನ್ನುವುದರ ಮೇಲೆ ಕಲಿಸಿದವಳ ಸಂಬಳ ನಿರ್ಧಾರವಾಗುತ್ತಿತ್ತು.

ಡ್ರಮ್ಮಿನ ನೀರಿನಲ್ಲಿ ಅಷ್ಟು ಜನ ಬದುಕಿ ಎಂಟು ವರ್ಷವಾಗಿತ್ತು, ಅತ್ತೆಯ ಮೊದಲ ಮಗ ಹೋಗುವಾಗ. ಇದನ್ನು ಅತ್ತೆಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ಹೇಳಲಿಲ್ಲ. ಬೆಲ್ಲ, ಉಪ್ಪು, ಮೂರು ಬೆರಳಿನ ವಿಷಯ ಮಾತ್ರ ಹೇಳಿದೆ. "ನಮ್ಮ ಮನೇಲಿ ಬೆಲ್ಲ ಇತ್ತು," ಅಂದರು. ನಾನು ಹೇಳದೆ ಬಿಟ್ಟದ್ದು ಅವರಿಗೆ ಅರ್ಥವಾಗಿತ್ತು.

ತಗಡಿನ ಡಬ್ಬಿ ಈಗಲೂ ಅದೇ ಗೂಡಿನಲ್ಲಿದೆ. ಜಾಯಿಕಾಯಿ ಮಾತ್ರ ಮಸಾಲೆ ಡಬ್ಬಕ್ಕೆ ಹೋಗಿದೆ. ಅದು ಇದ್ದ ಜಾಗದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ, ಬಟ್ಟೆಯಲ್ಲಿ ಸುತ್ತಿದ ಒಳಲೆ. ಒಂದು ಲೀಟರಿನ ಗೆರೆ ಎಲ್ಲಿಗೆ ಬರುತ್ತದೆ ಎಂದು ಹಿತ್ತಾಳೆ ಚೆಂಬಿನ ಮೇಲೆ ಅತ್ತೆ ಮೊಳೆಯಿಂದ ಗೀರಿಸಿಕೊಂಡಿದ್ದಾರೆ.

ಮೊನ್ನೆ ಅವರ ತಂಗಿಯ ಸೊಸೆ ಫೋನ್ ಮಾಡಿದ್ದಳು. ಮಗುವಿಗೆ ಹೊಟ್ಟೆ ಕೆಟ್ಟಿದೆಯಂತೆ. ನಾನು ಅಡುಗೆಮನೆಯಲ್ಲಿದ್ದೆ, ಅತ್ತೆಯ ದನಿ ಮಾತ್ರ ಕೇಳಿಸುತ್ತಿತ್ತು. "ಎಷ್ಟು ಸಲ ಹೋಯ್ತು ಅನ್ನೋದು ಆಮೇಲೆ ಹೇಳು ಮಗಳೇ. ಉಚ್ಚೆ ಯಾವಾಗ ಮಾಡ್ತು, ಅದನ್ನ ಹೇಳು." ಸ್ವಲ್ಪ ಹೊತ್ತು ಮಾತಿಲ್ಲ. ನಾನು ಹೊರಗೆ ಬಂದು ನೋಡುವಷ್ಟರಲ್ಲಿ ಒಳಲೆ ಚೀಲಕ್ಕೆ ಇಳಿದಿತ್ತು, ಅತ್ತೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು.